ಇನ್ವರ್ನೆಸ್‌ನಲ್ಲಿ ಐದು ದಿನ

ಪ್ರಶ್ನೆ: ನಾನು, ನನ್ನ ಪತ್ನಿ ಮತ್ತು 72 ವರ್ಷದ ನನ್ನ ತಾಯಿ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಐದು ದಿನಗಳ ಮಟ್ಟಿಗೆ ಹೋಗಬೇಕೆಂದಿದ್ದೇವೆ. ಟೂರ್ ಕಂಪನಿಯವರು ಅಷ್ಟರಲ್ಲೇ ಸ್ಕೈ ದ್ವೀಪ, ಫೋರ್ಟ್ ವಿಲಿಯಂ, ಎಡಿನ್‌ಬರೋ ಎಲ್ಲವನ್ನೂ ಸೇರಿಸಿ ದಿನಕ್ಕೊಂದು ಊರಿನಲ್ಲಿ ತಂಗುವ ಪಟ್ಟಿ ಕೊಟ್ಟಿದ್ದಾರೆ. ತಾಯಿಗೆ ಮೊಣಕಾಲು ನೋವಿದೆ. ಒಪ್ಪಿಕೊಳ್ಳಬಹುದೇ?
ಓದುಗರು, ಡೊಂಬಿವಲಿ

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ಪ್ರತಿದಿನ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಹೊರಡುವುದು ನಿಮಗೇ ಆಯಾಸ. ಮೊಣಕಾಲು ನೋವಿರುವ ತಾಯಿಯವರಿಗಂತೂ ಅದು ಶಿಕ್ಷೆ. ಇನ್ವರ್ನೆಸ್ 2000ದಲ್ಲಿ ನಗರವೆಂಬ ಮಾನ್ಯತೆ ಪಡೆದಿದ್ದರೂ ಅಲ್ಲಿ ಒಂದು ಲಕ್ಷ ಜನರೂ ಇಲ್ಲ. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆ, ನದಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ನಿಲ್ದಾಣದ ಸಮೀಪ ನೆಲಮಹಡಿಯ ಕೋಣೆಯನ್ನೇ ಕೇಳಿ ಹಿಡಿದು, ಐದು ರಾತ್ರಿಯೂ ಅಲ್ಲೇ ಇರಿ.

ಮೊದಲ ದಿನವನ್ನು ನೆಸ್ ನದಿಗೆ ಕೊಡಿ. ದಂಡೆಯ ಹಾದಿ ಸಮತಟ್ಟಾಗಿದೆ. ಊರಿನಿಂದ ಸ್ವಲ್ಪ ಮೇಲಕ್ಕೆ ನಡೆದರೆ ನದಿಯ ನಡುವೆ ಮರಗಳು ದಟ್ಟವಾಗಿ ಬೆಳೆದ ಪುಟ್ಟ ದ್ವೀಪಗಳಿವೆ. ಒಂದರಿಂದ ಇನ್ನೊಂದಕ್ಕೆ ಹಳೆಯ ಕಾಲುಸೇತುವೆಗಳು. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಆಳವಿರುವಲ್ಲಿ ನೀರು ನಮ್ಮ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿ ಹರಿಯುತ್ತದೆ. ಅದು ಕೊಳೆಯಲ್ಲ, ಬೆಟ್ಟಗಳ ಮೇಲೆ ಸಾವಿರಾರು ವರ್ಷಗಳಿಂದ ಕೊಳೆತು ಕೂಡಿದ ಸಸ್ಯಗಳ ಕಪ್ಪು ಮಣ್ಣಿನಿಂದ ಇಳಿದ ಬಣ್ಣ. ಮೇ ತಿಂಗಳಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುವುದರಿಂದ ಊಟದ ನಂತರ ಮತ್ತೊಮ್ಮೆ ಇದೇ ದಾರಿಯಲ್ಲಿ ಅಡ್ಡಾಡಬಹುದು.

ಥಾಮಸ್ ಟೆಲ್ಫೋರ್ಡ್ ಕಟ್ಟಿಸಿದ, 1822ರಲ್ಲಿ ಸಂಚಾರಕ್ಕೆ ತೆರೆದ ಕ್ಯಾಲೆಡೋನಿಯನ್ ಕಾಲುವೆಯೂ ಊರಂಚಿನಲ್ಲೇ ಇದೆ. ಮ್ಯೂರ್‌ಟೌನ್ ಎಂಬಲ್ಲಿ ಒಂದರ ಮೇಲೊಂದರಂತೆ ನಾಲ್ಕು ನೀರಿನ ಕಟ್ಟೆಗಳಿದ್ದು, ಬಾಗಿಲು ಮುಚ್ಚಿ ನೀರು ತುಂಬಿಸಿದಂತೆ ದೋಣಿ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತದೆ. ಅವಸರವಿಲ್ಲದೆ ಕುಳಿತು ನೋಡುವವರಿಗೆ ಇದಕ್ಕಿಂತ ಒಳ್ಳೆಯ ನೋಟವಿಲ್ಲ.

ಲಾಕ್ ನೆಸ್ ಸರೋವರ ಸುಮಾರು 37 ಕಿ.ಮೀ. ಉದ್ದ, 230 ಮೀಟರಿನಷ್ಟು ಆಳ. ದಡದ ಅರ್ಕ್‌ಹಾರ್ಟ್ ಕೋಟೆಯ ಅವಶೇಷಗಳನ್ನು ತಾಯಿಯವರು ದೋಣಿಯಿಂದಲೇ ನೋಡಲಿ; ಅಲ್ಲಿನ ಇಳಿಜಾರು ಮತ್ತು ಮೆಟ್ಟಿಲುಗಳು ಅವರ ಮೊಣಕಾಲಿಗೆ ಹೇಳಿದ್ದಲ್ಲ. ಕಲೋಡನ್ ರಣರಂಗ ಮಾತ್ರ ಬಯಲು. 1746ರ ಏಪ್ರಿಲ್ 16ರಂದು ಒಂದು ಗಂಟೆಯೊಳಗೆ ಮುಗಿದ ಆ ಕದನದಲ್ಲಿ ಸತ್ತ, ಹೈಲ್ಯಾಂಡ್ ಎಂಬ ಸ್ಕಾಟಿಷ್ ಗುಡ್ಡನಾಡಿನ ಸೈನಿಕರ ಸಾಮೂಹಿಕ ಗೋರಿಗಳ ಮುಂದೆ, ಕುಲದ ಹೆಸರು ಕೆತ್ತಿದ ಒರಟು ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ಮಾತು ತಾನಾಗಿ ನಿಲ್ಲುತ್ತದೆ.

ಸ್ಕೈ ದ್ವೀಪದ ಆಸೆ ಉಳಿದಿದ್ದರೆ ಕೈಲ್ ಆಫ್ ಲಾಖಾಲ್ಶ್‌ಗೆ ಹೋಗುವ ರೈಲು ಹತ್ತಿ. ಸುಮಾರು ಎರಡೂವರೆ ಗಂಟೆಯ ಹಾದಿ. ಬೆಟ್ಟ, ಸರೋವರ, ಕೊನೆಗೆ ಸಮುದ್ರದಂಚು, ಎಲ್ಲವೂ ಕಿಟಕಿಯಲ್ಲೇ. ಕೈಲ್‌ನಲ್ಲಿ ಇಳಿದರೆ ಎದುರಿಗೇ ಸ್ಕೈ ಕಾಣುತ್ತದೆ. ದಿನಕ್ಕೆ ಕೆಲವೇ ಗಾಡಿಗಳಿರುವುದರಿಂದ ಮರಳುವ ವೇಳೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಶನಿವಾರ ಬಿಟ್ಟು ಉಳಿದ ರಾತ್ರಿಗಳಲ್ಲಿ ಇನ್ವರ್ನೆಸ್‌ಗೆ ಮಲಗಿ ಹೋಗುವ ರೈಲಿದೆ. ಎರಡು ಹಾಸಿಗೆಗಳ ಕೋಣೆ ಹಿಡಿದರೆ ತಾಯಿಯವರಿಗೆ ಕೆಳಗಿನದನ್ನು ಕೊಡಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮುಂಚೆ ಸಲ್ಲಿಸಲಾಗದು, ಆದರೆ ಆ ಅವಧಿ ಶುರುವಾದ ಕೂಡಲೇ ಸಲ್ಲಿಸಿಬಿಡಿ.

ಪ್ರಶ್ನೆ: ಮಕ್ಕಳ ರಜೆಗೆ ಹೊಂದಿಸಲು ನಾವು ಜೂನ್ ಮೊದಲ ವಾರ ಅಲ್ಲಿಗೆ ಹೋಗುತ್ತಿದ್ದೇವೆ. ಮಳೆಗೆ ಏನು ಸಿದ್ಧತೆ ಬೇಕು?
ಓದುಗರು, ಕೋಥ್ರೂಡ್, ಪುಣೆ

ಉತ್ತರ: ಅಲ್ಲಿನ ಮಳೆ ಪುಣೆಯಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ, ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಹನಿಯುತ್ತದೆ. ಗಾಳಿಗೆ ಕೊಡೆ ಮಗುಚುತ್ತದೆ; ಟೊಪ್ಪಿಗೆಯಿರುವ ರೇನ್‌ಕೋಟು, ಒಳಗೊಂದು ಉಣ್ಣೆಯ ಅಂಗಿ ಇರಲಿ. ಪಶ್ಚಿಮ ಕರಾವಳಿಯ ಕಡೆ ಹೋಗುವುದಾದರೆ ಮಿಡ್ಜ್ ಎಂಬ ಸಣ್ಣ ನೊಣಗಳು ಆ ಹೊತ್ತಿಗೆ ಏಳುತ್ತವೆ. ಗಾಳಿಯಿಲ್ಲದ ಸಂಜೆ ಮಕ್ಕಳಿಗೆ ತುಂಬುತೋಳಿನ ಉಡುಪನ್ನೇ ಹಾಕಿ.