ಸಸಿ ಚೀಲಕ್ಕೆ ಮೈಕೊರೈಜಾ, ಅಜೋಸ್ಪಿರಿಲಂ ಹಾಕಿದರೂ ಬೆಳವಣಿಗೆ ಹೆಚ್ಚಿಲ್ಲ, ಏಕೆ?

ಚೀಲದ ಮಣ್ಣಿಗೆ ಡಿಎಪಿ ಬೆರೆಸಿ, ತೇಗ, ಬೇವು, ಹೊಂಗೆ ಸಸಿ ನೆಟ್ಟು, ಮೇಲೆ ಮೈಕೊರೈಜಾ ಪುಡಿ ಉದುರಿಸಿದೆ, ವಾರದಲ್ಲಿ ಸಸಿ ಕೊಳೆಯಬಾರದೆಂದು ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಸುರಿದೆ ಎಂದಿದ್ದೀರಿ. ಪುಡಿ ಚೆನ್ನಾಗಿದ್ದಿದ್ದರೂ ಡಿಎಪಿ, ಮೇಲೆ ಉದುರಿಸಿದ್ದು, ಕಾರ್ಬೆಂಡಾಜಿಮ್ ಈ ಮೂರರ ನಡುವೆ ಅದು ಉಳಿಯುವುದು ಕಷ್ಟ.

ಮೈಕೊರೈಜಾ ಬೇರಿಗೆ ರಂಜಕ ತಂದುಕೊಟ್ಟು ಗಿಡದಿಂದ ಸಕ್ಕರೆ ಪಡೆಯುವ ಶಿಲೀಂಧ್ರ. ಕೈಗೆಟುಕುವಷ್ಟು ರಂಜಕ ಪಕ್ಕದಲ್ಲೇ ಇದ್ದರೆ ಗಿಡ ಈ ಶಿಲೀಂಧ್ರವನ್ನು ಬೇರಿನೊಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಹಾಗಾಗಿ ರಂಜಕ ತುಂಬಿದ ಡಿಎಪಿ ಕೈಬಿಡಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಗೊಬ್ಬರ ಬೇಡ.

ಇನ್ನು ಜಾಗ. ಈ ಶಿಲೀಂಧ್ರ ಮಣ್ಣಿನಲ್ಲಿ ದೂರ ಹರಡುವುದಿಲ್ಲ, ಬೇರು ತಾನೇ ಬಂದು ಅದನ್ನು ಮುಟ್ಟಬೇಕು. ಚೀಲ ಅರ್ಧಕ್ಕಿಂತ ಮೇಲೆ ತುಂಬಿದ ಮೇಲೆ 5ರಿಂದ 10 ಗ್ರಾಂ ಪುಡಿಯನ್ನು ತೆಳು ಪದರವಾಗಿ ಹರಡಿ, ಮೇಲೆ 2–3 ಸೆಂ.ಮೀ. ಮಣ್ಣು ಹಾಕಿ ಬೀಜ ಬಿತ್ತಿ. ಪಾತಿಯಿಂದ ಕಿತ್ತು ನೆಡುವುದಾದರೆ ಗುಣಿಯೊಳಗೆ ಬೇರಿಗೆ ತಾಗುವಂತೆ ಹಾಕಿ.

ಕಾರ್ಬೆಂಡಾಜಿಮ್ ಮೈಕೊರೈಜಾವನ್ನೂ ಕುಗ್ಗಿಸುತ್ತದೆ. ಸಸಿ ಕೊಳೆಯುವ ಭಯವಿದ್ದರೆ ಬಿತ್ತುವ 15 ದಿನ ಮೊದಲೇ 100 ಕಿಲೋ ಗೊಬ್ಬರಕ್ಕೆ ರೋಗ ತರುವ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾ 1 ಕಿಲೋ ಬೆರೆಸಿ, ನೆರಳಲ್ಲಿ ತೇವ ಆರದಂತೆ ಇಡಿ. ನೀರು ಮಿತವಾಗಿರಲಿ. ಸಸಿ ಕೊಳೆಯುವುದಕ್ಕೆ ಅರ್ಧ ಕಾರಣ ಅತಿ ನೀರೇ.

ಅಜೋಸ್ಪಿರಿಲಂ ಎಂಬ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಮರದ ಸಸಿಗೆ ಅಷ್ಟಿಷ್ಟು ಲಾಭ ಕೊಡಬಹುದು, ಆದರೆ ಅದರ ಮೇಲೆ ನನಗೆ ಅಂಥ ಭರವಸೆಯಿಲ್ಲ. ಹೊಂಗೆಗೆ ನಿಜವಾಗಿ ಬೇಕಾದ್ದು ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ, ರೈಜೋಬಿಯಂ. ಆದರೆ ಬೇರೆ ಬೆಳೆಗೆಂದು ಮಾಡಿದ ಪೊಟ್ಟಣ ಹೊಂಗೆಗೆ ಹೊಂದುತ್ತದೆಂದು ನಂಬಬೇಡಿ. ಹೊಂಗೆಗೆ ಹೊಂದುವ ಪುಡಿಯನ್ನು, ಕುದಿಸಿ ತಣಿಸಿದ ಬೆಲ್ಲದ ನೀರಿನಲ್ಲಿ (ಲೀಟರಿಗೆ 100 ಗ್ರಾಂ) ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಗಾಳಿಮರಕ್ಕಾದರೆ ಫ್ರಾಂಕಿಯಾ ಎಂಬ ಬೇರೆ ಬ್ಯಾಕ್ಟೀರಿಯಾ ಬೇಕು, ರೈಜೋಬಿಯಂ ಕೆಲಸಕ್ಕೆ ಬಾರದು. ಪೈನ್‌ಗೆ ಬೇರಿನ ಹೊರಗೆ ಹೊದಿಕೆ ಕಟ್ಟುವ ಬೇರೆಯೇ ಬಗೆಯ ಮೈಕೊರೈಜಾ ಬೇಕು, ತೇಗಕ್ಕೆ ಹಾಕುವ ಮೈಕೊರೈಜಾ ಪುಡಿ ಅದಕ್ಕೆ ಆಗುವುದಿಲ್ಲ. ಹುಣಸೆ ದ್ವಿದಳವೇ ಆದರೂ ಗಂಟು ಕಟ್ಟುವುದಿಲ್ಲ, ರೈಜೋಬಿಯಂ ಹಾಕಿ ಕಾಯಬೇಡಿ.

ಫಲ ನೋಡಲು ಎರಡು ತಿಂಗಳಾದರೂ ಕಾಯಬೇಕು. ಶುರುವಿನಲ್ಲಿ ಗಿಡ ತುಸು ಹಿಂದುಳಿದಂತೆ ಕಾಣಬಹುದು, ಏಕೆಂದರೆ ಶಿಲೀಂಧ್ರ ಆಗ ಸಕ್ಕರೆ ತಿನ್ನುತ್ತಿರುತ್ತದೆ. 20 ಚೀಲಗಳನ್ನು ಪುಡಿಯಿಲ್ಲದೆ ಅದೇ ಮಣ್ಣಿನಲ್ಲಿ, ಅದೇ ಸಾಲಿನಲ್ಲಿ ಇಟ್ಟರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಹೊಂಗೆಯಲ್ಲಿ ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪಾಗಿದ್ದರೆ ಸಾರಜನಕ ಹಿಡಿಯುತ್ತಿದೆ, ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. ಉಜ್ಜಿದರೆ ಕಳಚದೆ ಬೇರೇ ಊದಿಕೊಂಡಂತಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಗಂಟು. ತೇಗದ ಮೈಕೊರೈಜಾ ಮಾತ್ರ ಬರಿಗಣ್ಣಿಗೆ ಕಾಣುವುದಿಲ್ಲ, ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು.