ಎಳೆದೀತು, ತಡೆದೀತೇ?: ತೋಟದ ಎಟಿವಿ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮನೆ ಗುಡ್ಡದ ಮೇಲಿದೆ, ಅಡಿಕೆ ತೋಟ ಕೆಳಗೆ ಕಣಿವೆಯಲ್ಲಿ. 420 ಸಿಸಿಯ ಎಟಿವಿ (ಏರುತಗ್ಗಿನ ನೆಲದಲ್ಲೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಇದೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು 500 ಲೀಟರಿನ ಟ್ಯಾಂಕನ್ನು ಟ್ರೈಲರಿನಲ್ಲಿಟ್ಟು ಕೆಳಗಿಳಿಸಬೇಕೆಂದಿದ್ದೇವೆ. ಮಾರಿದವರು ‘ಅರ್ಧ ಟನ್ ಆರಾಮಾಗಿ ಎಳೀತದೆ’ ಅಂದಿದ್ದರು. ಆದೀತೇ? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಬೇಡ. ಮೊದಲು ತೂಕ ಕೂಡಿಸಿ ನೋಡಿ. ನೀರೇ 500 ಕೆ.ಜಿ. ಟ್ರೈಲರ್ ನೂರು, ಪಂಪು ಮತ್ತು ಟ್ಯಾಂಕು ಸೇರಿ ಇನ್ನೊಂದು ಮೂವತ್ತು ನಲವತ್ತು. 630ರ ಆಸುಪಾಸಿಗೆ ಬಂತು. ಹೊಂಡಾದ 420 ಸಿಸಿ ಎಟಿವಿಗೆ ಕಂಪನಿ ಕೊಟ್ಟಿರುವ ಎಳೆಯುವ ಮಿತಿ 385 ಕೆ.ಜಿ. ನಿಮ್ಮದು ಬೇರೆ ಕಂಪನಿಯದಾದರೆ ಅದರ ಕೈಪಿಡಿ ತೆಗೆದು ನೋಡಿ. ಈ ಮಿತಿ ಟ್ರೈಲರ್ ಮತ್ತು ಹೊರೆ ಎರಡೂ ಸೇರಿದ್ದು, ಅದೂ ಸಮತಟ್ಟು ನೆಲಕ್ಕೆ ಹೇಳಿದ್ದು ಎಂಬುದನ್ನು ಮಾರುವವರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಎಳೆಯುವ ಮಾತು ಹಾಗಿರಲಿ, ನಿಮಗೆ ಬೇಕಿರುವುದು ಇಳಿಸುವುದು. ಟ್ರೈಲರಿಗೆ ಬ್ರೇಕ್ ಇರುವುದಿಲ್ಲ. ಐದು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ 630 ಕೆ.ಜಿ. ಹೊರೆ ಹಿಂದಿನಿಂದ ಸುಮಾರು 125 ಕೆ.ಜಿ. ಬಲದಲ್ಲಿ ನೂಕುತ್ತಿರುತ್ತದೆ. ಅದನ್ನು ತಡೆಯಬೇಕಾದ ಎಟಿವಿ, ಸವಾರನೂ ಸೇರಿ, 350 ಕೆ.ಜಿ. ಮಾತ್ರ. ಹಾವಸೆ ಕಟ್ಟಿದ ಜಂಬಿಟ್ಟಿಗೆ ನೆಲದ ಮೇಲೆ ಹಿಂದಿನ ಚಕ್ರ ಒಮ್ಮೆ ಜಾರಿದರೆ ಟ್ರೈಲರ್ ಪಕ್ಕಕ್ಕೆ ಬಂದು ಗಾಡಿಯನ್ನು ಕತ್ತರಿಯಂತೆ ಮಡಚಿಬಿಡುತ್ತದೆ. ಹತ್ತಕ್ಕೆ ಒಂದಕ್ಕಿಂತ ಕಡಿದಾದ ದಾರಿಯಾದರೆ ಟ್ರೈಲರಿನ ಒಟ್ಟು ತೂಕ ಎಟಿವಿಯ ತೂಕವನ್ನು ಮೀರಬಾರದು ಎಂಬುದು ನಮ್ಮ ಲೆಕ್ಕ. ಅಂದರೆ ಹಗುರ ಟ್ರೈಲರ್, ಅದರಲ್ಲಿ 200 ಲೀಟರಿನ ಒಂದೇ ಡ್ರಮ್ಮು. ಇಳಿಯಲು ಶುರು ಮಾಡುವ ಮೊದಲೇ ಲೋ ಗೇರಿಗೆ ಹಾಕಿಕೊಳ್ಳಿ. ನಡೆದು ಹೋಗುವವರ ವೇಗ ಸಾಕು.

ಆ ಡ್ರಮ್ಮನ್ನೂ ಕಂಠಮಟ್ಟ ತುಂಬಿ ಮುಚ್ಚಳ ಬಿಗಿಯಿರಿ. ಅರ್ಧ ತುಂಬಿದ ಟ್ಯಾಂಕು ತುಂಬಿದ್ದಕ್ಕಿಂತ ಕಷ್ಟ. ಏರು ಹತ್ತುವಾಗ ನೀರೆಲ್ಲ ಹಿಂದಕ್ಕೆ ಓಡಿ ಟ್ರೈಲರಿನ ಮೂಗು ಮೇಲೇಳುತ್ತದೆ, ಎಟಿವಿಯ ಹಿಂದಿನ ಚಕ್ರಗಳು ಹಗುರಾಗಿ ಬರೀ ತಿರುಗುತ್ತವೆ. ಇಳಿಯುವಾಗ, ಬ್ರೇಕ್ ಹಿಡಿದ ಕ್ಷಣಕ್ಕೇ, ಅಷ್ಟೂ ನೀರು ಮುಂದಕ್ಕೆ ಬಂದು ಅಪ್ಪಳಿಸುತ್ತದೆ. ಹೊರೆಯನ್ನು ಅಚ್ಚಿಗಿಂತ ಚೂರು ಮುಂದಕ್ಕೆ ಇಡಬೇಕು. ಒಟ್ಟು ತೂಕದ ಹತ್ತನೇ ಒಂದು ಭಾಗ ಕೊಂಡಿಯ ಮೇಲೆ ಕೂತರೆ ಸರಿ. ಕೊಂಡಿಯ ಭಾರಕ್ಕೆ ಕೈಪಿಡಿಯಲ್ಲಿ ಬೇರೆ ಮಿತಿ ಇದ್ದರೆ ಅದನ್ನೇ ಪಾಲಿಸಿ.

ಇಷ್ಟೆಲ್ಲ ಪಾಡು ಯಾಕೆ ಎಂಬುದು ನಮ್ಮ ಪ್ರಶ್ನೆ. ಶೇಕಡಾ 1ರ ಬೋರ್ಡೊಗೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ತೋಟದಲ್ಲಿ ಹಳ್ಳವೋ ಕೆರೆಯೋ ಇದ್ದರೆ ಈ ಎರಡನ್ನು ಮಾತ್ರ ಕೆಳಗೆ ಒಯ್ದು ಅಲ್ಲೇ ಕಲಸಿ. ಇಲ್ಲವಾದರೆ ಮನೆ ಹತ್ತಿರವೇ ಕಲಸಿ, ಪಂಪನ್ನೂ ಮೇಲೇ ಇಟ್ಟು ಹೋಸ್ ಮಾತ್ರ ಇಳಿಬಿಡಿ. ನೇರ ಎತ್ತರದಲ್ಲಿ ಹತ್ತು ಮೀಟರ್ ಇಳಿದರೆ ಚದರ ಸೆಂ.ಮೀ.ಗೆ ಸುಮಾರು ಒಂದು ಕೆ.ಜಿ.ಯಷ್ಟು ಒತ್ತಡ ಪುಕ್ಕಟೆಯಾಗಿ ಸಿಗುತ್ತದೆ. ಉದ್ದದ ಹೋಸಿನಲ್ಲಿ ಕಳೆದುಹೋಗುವ ಒತ್ತಡವನ್ನು ಅದು ಒಂದಿಷ್ಟು ತುಂಬಿಕೊಡುತ್ತದೆ. ಮೈಲುತುತ್ತದ ದ್ರಾವಣ ಕಬ್ಬಿಣವನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಡ್ರಮ್ಮನ್ನೇ ಬಳಸಿ. ಕೆಲಸ ಮುಗಿದ ದಿನವೇ ಟ್ರೈಲರ್, ಕೊಂಡಿಯ ಪಿನ್ನು, ಎಟಿವಿಯ ಬ್ರೇಕ್ ಕೇಬಲ್ಲು ತೊಳೆಯದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು ಕೈಗೆ ಬರುತ್ತದೆ.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರವನ್ನು ಚಪ್ಪರದಿಂದ ಕೊಟ್ಟಿಗೆಗೆ ಎಳೆಯುವಾಗ ಹಗ್ಗವನ್ನು ಎಟಿವಿಯ ಹಿಂದಿನ ಕ್ಯಾರಿಯರಿಗೆ ಕಟ್ಟಿದ್ದೆವು. ಮುಂದಿನ ಚಕ್ರ ಮೇಲೆದ್ದಿತು. ಗಾಡಿ ಹಗುರವಾಯಿತೇ? (ಸಾಗರ)

ಉತ್ತರ: ಗಾಡಿಯದು ತಪ್ಪಲ್ಲ, ಹಗ್ಗ ಕಟ್ಟಿದ ಎತ್ತರದ್ದು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಹೊರೆ ಗಾಡಿಯನ್ನು ಅಚ್ಚಿನ ಸುತ್ತ ಹಿಂದಕ್ಕೆ ತಿರುಗಿಸುತ್ತದೆ. ಏರಿನಲ್ಲಾಗಿದ್ದರೆ ಗಾಡಿ ಸವಾರನ ಮೇಲೇ ಮಗುಚುತ್ತಿತ್ತು. ಕ್ಯಾರಿಯರ್ ಇರುವುದು ಸಾಮಾನು ಹೇರುವುದಕ್ಕೆ. ಎಳೆಯುವುದಿದ್ದರೆ ಚಾಸಿಸಿಗೆ ಕೂರಿಸಿದ ಕೊಂಡಿಯಿಂದ ಮಾತ್ರ, ಅದು ಅಚ್ಚಿನ ಮಟ್ಟಕ್ಕಿಂತ ಕೆಳಗಿರಬೇಕು.

ವರ್ಕ್‌ಶಾಪಿನಲ್ಲಿ ಟ್ರೈಲರ್ ಮಾಡಿಸುವುದಿದ್ದರೆ ಒಂದು ಮಾತು. ಕೊಂಡಿ ಎಡಬಲಕ್ಕೆ ತಿರುಗಿದರೆ ಸಾಲದು, ತನ್ನ ಅಚ್ಚಿನಲ್ಲಿ ಉರುಳುವಂತೆಯೂ ಇರಬೇಕು. ಬಸಿಗಾಲುವೆಗೆ ಟ್ರೈಲರಿನ ಒಂದು ಚಕ್ರ ಇಳಿದು ಮಗುಚಿದರೂ ಎಟಿವಿ ನಿಂತಿರಬೇಕಲ್ಲ? ಗಟ್ಟಿಯಾಗಿ ಬೆಸೆದ ಕೊಂಡಿ ಎರಡನ್ನೂ ಒಟ್ಟಿಗೆ ಉರುಳಿಸುತ್ತದೆ. ಪಿನ್ನಿಗೆ ಬೀಗದ ಕ್ಲಿಪ್ಪು, ಜೊತೆಗೆ ಕೊಂಡಿಯ ಅಡಿಯಲ್ಲಿ ಅಡ್ಡಡ್ಡ ಹಾಯ್ದ ಎರಡು ಸರಪಣಿ ಇರಲಿ. ಪಿನ್ನು ಕಳಚಿದರೆ ಟ್ರೈಲರಿನ ಮೂಗು ನೆಲಕ್ಕೆ ನಾಟದಂತೆ ಅವು ತೊಟ್ಟಿಲಾಗಿ ಹಿಡಿಯುತ್ತವೆ. ಕಾಲುವೆ ದಾಟಲು ಅಡಿಕೆ ದಬ್ಬೆಯ ಸಂಕವನ್ನು ನಂಬಬೇಡಿ, ಮನುಷ್ಯರು ದಾಟಲು ಅದು ಸರಿ. ಗಾಡಿಗೆ ಸಿಮೆಂಟ್ ಪೈಪು ಹಾಕಿ ಮಣ್ಣು ತುಂಬಿಸಿ.

ಪ್ರಶ್ನೆ: ಹೊರೆ ಎಳೆಯುವಾಗ ರಬ್ಬರ್ ಸುಟ್ಟ ವಾಸನೆ ಬರುತ್ತದೆ. (ಹೊಸನಗರ)

ಉತ್ತರ: ಗೇರಿನ ಬೆಲ್ಟು ಜಾರುತ್ತಿದೆ. ಹೈ ಗೇರಿನಲ್ಲಿ ಭಾರ ಎಳೆಯುವುದೇ ಹೆಚ್ಚಿನ ಸಲ ಕಾರಣ. ಲೋಗೆ ಹಾಕಿ. ಹಳ್ಳ ದಾಟಿದ ಮೇಲೆ ವಾಸನೆ ಶುರುವಾಗಿದ್ದರೆ ಬೆಲ್ಟಿನ ಡಬ್ಬಿಯೊಳಗೆ ನೀರು ಹೋಗಿದೆ. ಕೆಳಗಿನ ಬಿರಡೆ ಬಿಚ್ಚಿ ನೀರು ಸೋರಿಸಿ, ನ್ಯೂಟ್ರಲಿನಲ್ಲಿ ಎಂಜಿನ್ ಓಡಿಸಿ ಬೆಲ್ಟು ಒಣಗಲು ಬಿಡಿ. ರೇಡಿಯೇಟರಿಗೆ ಮೆತ್ತಿದ ಕೆಸರನ್ನೂ ತೊಳೆಯಿರಿ. ನಿಧಾನವಾಗಿ ಭಾರ ಎಳೆಯುವಾಗ ಗಾಳಿ ಸಾಲದೆ ಎಂಜಿನ್ ಬೇಗ ಕಾಯುತ್ತದೆ.

ಪ್ರಶ್ನೆ: ಡೀಸೆಲ್ ಪಂಪ್‌ಸೆಟ್ಟಿನ ಗಾಡಿ ಗದ್ದೆ ಅಂಚಿನ ಕೆಸರಿನಲ್ಲಿ ಅಚ್ಚಿನವರೆಗೆ ಹೂತಿದೆ. ಎಟಿವಿಯಲ್ಲಿ 2,500 ಪೌಂಡಿನ ವಿಂಚ್ (ಉರುಳೆಗೆ ಹಗ್ಗ ಸುತ್ತಿ ಎಳೆಯುವ ಯಂತ್ರ) ಇದೆ. ಹತ್ತಿರ ಇರುವುದು ಅಡಿಕೆ ಮರ ಮಾತ್ರ. ಅದಕ್ಕೇ ಬಿಗಿಯಬಹುದೇ? (ಸೊರಬ)

ಉತ್ತರ: ಅಡಿಕೆ ಮರದ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ನೆನೆದ ನೆಲದಲ್ಲಿ ಮರವೇ ಕಿತ್ತು ಬರುತ್ತದೆ. ದೂರದಲ್ಲಾದರೂ ಸರಿ, ಬಲಿತ ಹಲಸೋ ಮಾವೋ ಹುಡುಕಿ. ಬುಡದಲ್ಲಿ, ನೆಲಕ್ಕೆ ಹತ್ತಿರವಾಗಿ, ಅಗಲ ಪಟ್ಟಿ ಸುತ್ತಿ. ಬರೀ ಸ್ಟೀಲ್ ಹಗ್ಗ ತೊಗಟೆಯನ್ನು ಸೀಳುತ್ತದೆ.

2,500 ಪೌಂಡ್ ಅಂದರೆ 1,134 ಕೆ.ಜಿ. ಆದರೆ ಅಷ್ಟು ಬಲ ಸಿಗುವುದು ವಿಂಚಿನ ಉರುಳೆಯ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಾಗ. ಪದರ ಹೆಚ್ಚಿದಂತೆ ಬಲ ಇಳಿಯುತ್ತದೆ. ಹಗ್ಗವನ್ನು ಸಾಕಷ್ಟು ಬಿಚ್ಚಿ, ಆದರೆ ಕನಿಷ್ಠ ಐದು ಸುತ್ತು ಉರುಳೆಯ ಮೇಲೆ ಉಳಿಯಲಿ. ಹೂತ ಗಾಡಿ ಎತ್ತಲು ಅದರ ತೂಕದಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು ಬಲ ಬೇಕಾದೀತು. ಮೊದಲು ಗುದ್ದಲಿ ಹಿಡಿದು ಚಕ್ರದ ಮುಂದಿನ ಮಣ್ಣು ಬಿಡಿಸಿ, ಹಲಗೆ ಹಾಸಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಮೇಲೂ ಸಾಲದಿದ್ದರೆ ಹೂತ ಗಾಡಿಗೆ ರಾಟೆ ಕಟ್ಟಿ, ಹಗ್ಗ ಹಾಯಿಸಿ, ಕೊನೆಯನ್ನು ಮರಕ್ಕೋ ಎಟಿವಿಯ ಚಾಸಿಸಿಗೋ ತನ್ನಿ. ಬಲ ಸುಮಾರು ಇಮ್ಮಡಿ, ವೇಗ ಅರ್ಧ.

300 ಕೆ.ಜಿ.ಯ ಎಟಿವಿ ತಾನೇ ಕೆಸರಿನ ಕಡೆ ಜಾರುತ್ತದೆ. ಅದನ್ನೂ ಹಿಂದಿನಿಂದ ಆ ಮರಕ್ಕೆ ಕಟ್ಟಿಹಾಕಿ. ಬ್ಯಾಟರಿ ಬೇಗ ಇಳಿಯುವುದರಿಂದ ಎಂಜಿನ್ ಓಡುತ್ತಿರಲಿ, ಸ್ವಲ್ಪ ಎಳೆದು ಸ್ವಲ್ಪ ಬಿಡಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದೆಸಿ. ತುಂಡಾದರೆ ಅದು ಚಾಟಿಯಂತೆ ಬೀಸುವುದನ್ನು ಗೋಣಿ ತಗ್ಗಿಸುತ್ತದೆ. ಯಾರೂ ಹಗ್ಗ ದಾಟಬಾರದು, ಮಕ್ಕಳನ್ನು ಮನೆಯಲ್ಲೇ ಬಿಡಿ.

ಪ್ರಶ್ನೆ: ತೋಟದ ಎರಡು ತುಂಡಿನ ನಡುವೆ ಊರಿನ ಡಾಂಬರು ರಸ್ತೆ ಇದೆ. ಎಟಿವಿಯಲ್ಲಿ ಟ್ರೈಲರ್ ಎಳೆದುಕೊಂಡು ಅರ್ಧ ಕಿಲೋಮೀಟರ್ ಹೋಗಬಹುದೇ? (ಶಿವಮೊಗ್ಗ ತಾಲ್ಲೂಕು)

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಅರ್ಧ ಕಿಲೋಮೀಟರಾದರೂ ಅಷ್ಟೇ. ನಿಮ್ಮ ಗಾಡಿಗೆ ನಂಬರ್ ಪ್ಲೇಟ್ ಇಲ್ಲವೆಂದಾದರೆ ಆ ಸಾಗಾಟವನ್ನು ನೋಂದಣಿಯಿರುವ ಟ್ರ್ಯಾಕ್ಟರಿಗೋ ಪಿಕಪ್‌ಗೋ ಬಿಡಿ.