ಉಯ್ಯಾಲೆ ಚೆನ್ನಾಗಿದೆ, ಸೊನ್ನೆ ತಪ್ಪು

ನಮಸ್ಕಾರ. ಮುಂದಿನ ಪಾರ್ಟಿಕಲ್ ಆಕ್ಸಿಲರೇಟರ್‌ಗಳಿಗೆ ಬೇಕಾಗೋ ಸೂಪರ್‌ಕಂಡಕ್ಟಿಂಗ್ ಕ್ಯಾವಿಟಿ, ಅಂದ್ರೆ ತುಂಬಾ ತಣ್ಣಗಿಟ್ಟು ಕಣಗಳಿಗೆ ವೇಗ ಕೊಡೋ ಟೊಳ್ಳು ಲೋಹದ ಡಬ್ಬಿ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೇ ಹಾಕೋಕಾಗಲ್ಲ, ಹಾಗಂತ ಬಿಡೋಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಕ್ಯಾವಿಟಿಗೆ ಹೋಲಿಕೆಯಾಗಿ ಕಬ್ಬನ್ ಪಾರ್ಕ್ ಬಾಲಭವನದ ಉಯ್ಯಾಲೆ ತಂದಿದ್ದೀರಲ್ಲ, ಅದು ತುಂಬಾ ಹಿಡಿಸ್ತು, ಆದ್ರೆ ಅರ್ಧಕ್ಕೇ ಬಿಟ್ಬಿಟ್ರಿ. ನಯೋಬಿಯಂ ಅನ್ನೋ ಲೋಹದ ಒಳ್ಳೆ ಕ್ಯಾವಿಟಿಯ ಕ್ವಾಲಿಟಿ ಫ್ಯಾಕ್ಟರ್, ಅಂದ್ರೆ ತುಂಬಿದ ಶಕ್ತಿನ ಎಷ್ಟು ಚೆನ್ನಾಗಿ ಹಿಡಿದಿಟ್ಕೊಳ್ಳುತ್ತೆ ಅನ್ನೋ ಅಳತೆ, ಸಾವಿರ ಕೋಟಿ ದಾಟುತ್ತೆ. ಎರಡು ಸೆಕೆಂಡಿಗೊಮ್ಮೆ ತೂಗೋ ಉಯ್ಯಾಲೆಗೆ ಅಷ್ಟಿದ್ರೆ, ಒಂದ್ಸಲ ತಳ್ಳಿ ಬಿಟ್ರೆ ನೂರು ವರ್ಷ ಆದ್ರೂ ತೂಗ್ತಾನೇ ಇರುತ್ತೆ, ತಾಮ್ರದ ಕ್ಯಾವಿಟಿ ಲೆಕ್ಕದಲ್ಲಿ ಕೆಲವೇ ಗಂಟೆ. ಇದನ್ನ ಬರೀರಿ.

ಈಗ ತಪ್ಪು. 'ರೆಸಿಸ್ಟೆನ್ಸ್ ಸೊನ್ನೆ, ಕರೆಂಟ್ ವೇಸ್ಟೇ ಆಗಲ್ಲ' ಅಂತ ಮೂರು ಕಡೆ ಬರ್ದಿದ್ದೀರ. ಅದು ಒಂದೇ ದಿಕ್ಕಿಗೆ ಹರಿಯೋ ಡಿಸಿ ಕರೆಂಟಿಗೆ ಸರಿ. ನೀವೇ ಹೇಳೋ 1.3 ಗಿಗಾಹರ್ಟ್ಸ್ ಕ್ಯಾವಿಟಿಲಿ ಕರೆಂಟು ಸೆಕೆಂಡಿಗೆ 130 ಕೋಟಿ ಸಲ ಹಿಂದೆ ಮುಂದೆ ಓಡುತ್ತೆ, ಸೂಪರ್‌ಕಂಡಕ್ಟರಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡ್ತವಲ್ಲ, ಹಾಗೆ ಜೋಡಿಯಾಗದೆ ಉಳಿದವೂ ಅದರ ಜೊತೆ ಅಲುಗಾಡಿ ಒಂಚೂರು ಬಿಸಿ ಹುಟ್ಟಿಸ್ತವೆ. ಒಂಚೂರೇ, ಆದ್ರೆ 2 ಕೆಲ್ವಿನ್‌ನಲ್ಲಿ (ಮೈನಸ್ 271 ಡಿಗ್ರಿ ಸೆಲ್ಸಿಯಸ್) ಹುಟ್ಟಿದ 1 ವಾಟ್ ಬಿಸಿನ ಹೊರಗೆ ಹಾಕೋಕೆ ಥಿಯರಿ ಪ್ರಕಾರನೇ 150 ವಾಟ್ ಹತ್ರ ಬೇಕು, ನಿಜವಾದ ಪ್ಲಾಂಟಲ್ಲಿ ಅದರ ನಾಲ್ಕೈದು ಪಟ್ಟು. ಕ್ವಾಲಿಟಿ ಫ್ಯಾಕ್ಟರ್‌ಗೋಸ್ಕರ ಎಲ್ರೂ ಒದ್ದಾಡ್ತಿರೋದು ಇದಕ್ಕೇ. ಸೊನ್ನೆ ಅಂದ್ಬಿಟ್ರೆ ನಿಮ್ಮ ಲೇಖನಕ್ಕೆ ವಿಷಯಾನೇ ಉಳಿಯಲ್ಲ.

ಇನ್ನು ನೈಟ್ರೋಜನ್ ಡೋಪಿಂಗ್, ಅಂದ್ರೆ ಲೋಹಕ್ಕೆ ಚೂರು ನೈಟ್ರೋಜನ್ ಬೆರೆಸೋದು. ಇಂಥಾ ಕಥೆಗೆ ಒಂದೇ ಸಾಲಾ? ದಶಕಗಟ್ಟಲೆ ನಯೋಬಿಯಂನ ಶುದ್ಧ ಮಾಡಿದ್ರು, ಪಾಲಿಶ್ ಮಾಡಿದ್ರು, ಧೂಳಿಲ್ಲದ ರೂಮಲ್ಲಿ ನೀರಿನ ಜೆಟ್ ಹಿಡಿದು ತೊಳೆದ್ರು, ಆಮೇಲೆ ಅಮೆರಿಕದ ಫರ್ಮಿಲ್ಯಾಬ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಅನ್ನಾ ಗ್ರಾಸೆಲಿನೋ ಅವರ ತಂಡ ನೋಡಿದ್ರೆ, ಸುಮಾರು 800 ಡಿಗ್ರಿ ಕುಲುಮೆಲಿ ಸ್ವಲ್ಪ ನೈಟ್ರೋಜನ್ ಬಿಟ್ಟು, ಮೇಲಿನ ಕೆಲವು ಮೈಕ್ರಾನ್ ತೆಗೆದ್ರೆ ಕ್ವಾಲಿಟಿ ಫ್ಯಾಕ್ಟರ್ ಇನ್ನೂ ಜಾಸ್ತಿ! ಹೂರಣಕ್ಕೆ ಚಿಟಿಕೆ ಉಪ್ಪು ಹಾಕ್ದಂಗೆ. ಕ್ಯಾಲಿಫೋರ್ನಿಯಾದಲ್ಲಿರೋ ಎಲ್‌ಸಿಎಲ್‌ಎಸ್-2 ಅನ್ನೋ ಎಕ್ಸ್-ರೇ ಲೇಸರ್ ಯಂತ್ರದ ಕ್ಯಾವಿಟಿಗಳಿಗೆ ಇದೇ ವಿಧಾನ ಬಳಸಿದ್ರು. ಇಷ್ಟೆಲ್ಲಾ ನಡೆಯೋದು ಲೋಹದ ಒಳಮೈಯ ನೂರು ನ್ಯಾನೋಮೀಟರೂ ಇಲ್ಲದ ಪದರದಲ್ಲಿ, ಓದೋರಿಗೆ ಅದು ಕಣ್ಣಿಗೆ ಕಟ್ಟಬೇಕು.

ಮೊದಲ ಪುಟದ ದೇವಕಣದ (ಹಿಗ್ಸ್ ಬೋಸಾನ್) ಕಥೆ ಪೂರ್ತಿ ತೆಗೀರಿ, ಅದನ್ನ ಎಲ್ರೂ ಬರ್ದಿದಾರೆ. 'ಅತಿವಾಹಕ ರೇಡಿಯೋ ಆವರ್ತನ ಕುಹರ' ಬೇಡ, ಕ್ಯಾವಿಟಿ ಅಂದ್ರೆ ಸಾಕು. 18 ಕೆಲ್ವಿನ್‌ವರೆಗೂ ಸೂಪರ್‌ಕಂಡಕ್ಟರ್ ಆಗಿರೋ ನಯೋಬಿಯಂ-ತವರ ಬಗ್ಗೆ ಬರ್ದಿದ್ದು ಸರಿಯಾಗಿದೆ, ಆದ್ರೆ ಅದು ಬೇಗ ಬಿರುಕು ಬಿಡೋ ವಸ್ತು ಅನ್ನೋದನ್ನೂ ಸೇರ್ಸಿ. ಇಂದೋರಿನ ಸಂಶೋಧನಾ ಕೇಂದ್ರ ಆರ್‌ಆರ್‌ಕ್ಯಾಟ್‌ನಲ್ಲೂ ನಯೋಬಿಯಂ ಕ್ಯಾವಿಟಿ ಮಾಡ್ತಾರೆ, ಅದರ ಸುದ್ದಿನೇ ಇಲ್ವಲ್ಲ ನಿಮ್ಮ ಲೇಖನದಲ್ಲಿ?

ಮೊದ್ಲು ನೈಟ್ರೋಜನ್ ಭಾಗ ಒಂದನ್ನೇ ಬರ್ದು ಕಳ್ಸಿ, ಅದನ್ನ ನೋಡಿ ಮಿಕ್ಕಿದ್ದು ಮಾತಾಡೋಣ.